ತಾಮ್ರದಿಂದ ಉಕ್ಕಿಗೆ: ಹತ್ತೊಂಬತ್ತನೆಯ ಶತಮಾನದ ಭಾವಚಿತ್ರ ಕೆತ್ತನೆ

ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಯುರೋಪು ಮತ್ತು ಅಮೆರಿಕದ ಸಾಮಾನ್ಯ ಜನರು ತಮ್ಮ ಅರಸರು, ಕವಿಗಳು, ಸೇನಾಪತಿಗಳ ಮುಖವನ್ನು ಕಂಡದ್ದು ಲೋಹದ ತಗಡಿನ ಮೇಲೆ ಕೆತ್ತಿ ಕಾಗದಕ್ಕೆ ಒತ್ತಿದ ಚಿತ್ರಗಳಲ್ಲಿ. ವರ್ಣಚಿತ್ರವಾದರೆ ಇರುವುದು ಒಂದೇ ಪ್ರತಿ. ಅದು ಅರಮನೆಯಲ್ಲೋ ಸಿರಿವಂತರ ಹಜಾರದಲ್ಲೋ ತೂಗುತ್ತಿತ್ತು. ಆ ಮುಖವನ್ನು ಪುಸ್ತಕದ ಮೊದಲ ಪುಟಕ್ಕೆ, ಅಂಗಡಿಯ ಕಿಟಕಿಗೆ, ಸಾಧಾರಣ ಮನೆಯ ಗೋಡೆಗೆ ತಂದವನು ಕೆತ್ತನೆಗಾರ.

ಈ ಕಸುಬಿನಲ್ಲಿ ಎರಡು ಬೇಡಿಕೆಗಳು ಸದಾ ಒಂದಕ್ಕೊಂದು ಎದುರಾಗಿ ನಿಂತಿದ್ದವು. ಮುಖದ ಮೇಲಿನ ಮೆದುವಾದ ನೆರಳು ಬೆಳಕನ್ನು ಹಿಡಿಯಬೇಕಾದರೆ ಕೆತ್ತನೆ ಬಹಳ ನವಿರಾಗಿರಬೇಕು. ಆದರೆ ನವಿರಾದ ಕೆತ್ತನೆ ಕೆಲವೇ ಪ್ರತಿಗಳಲ್ಲಿ ಸವೆದುಹೋಗುತ್ತದೆ. ಹೆಚ್ಚು ಪ್ರತಿ ಬೇಕೆಂದು ಗೆರೆಯನ್ನು ಆಳವಾಗಿ, ದಪ್ಪವಾಗಿ ತೆಗೆದರೆ ಮುಖ ಒರಟಾಗುತ್ತದೆ. ಆ ನೂರು ವರ್ಷಗಳಲ್ಲಿ ಈ ಕಲೆಯಲ್ಲಿ ಬಂದ ದೊಡ್ಡ ಬದಲಾವಣೆಗಳೆಲ್ಲ ಈ ಇಕ್ಕಟ್ಟಿನಿಂದ ಪಾರಾಗಲು ಹುಡುಕಿದ ದಾರಿಗಳೇ.

ತಗಡು ಮತ್ತು ಉಳಿ

ಅಚ್ಚುಮೊಳೆಯಲ್ಲಿ ಉಬ್ಬಿದ ಭಾಗಕ್ಕೆ ಶಾಯಿ ಹತ್ತುತ್ತದೆ. ತಗಡಿನ ಕೆತ್ತನೆಯಲ್ಲಿ ಇದಕ್ಕೆ ತದ್ವಿರುದ್ಧ: ಕೊರೆದ ತಗ್ಗಿನಲ್ಲಿ ಶಾಯಿ ನಿಲ್ಲುತ್ತದೆ, ಮೇಲ್ಮೈ ಸ್ವಚ್ಛವಾಗಿರುತ್ತದೆ. ಈ ವಿಧಾನಕ್ಕೆ ಇಂಟ್ಯಾಗ್ಲಿಯೊ ಎಂದು ಹೆಸರು. ಹದಿನೈದನೆಯ ಶತಮಾನದ ಯುರೋಪಿನಲ್ಲಿ ಬೆಳ್ಳಿ ಬಂಗಾರದ ಮೇಲೆ ಕೆತ್ತುತ್ತಿದ್ದ ಅಕ್ಕಸಾಲಿಗರ ಕೈಯಿಂದಲೇ ಇದು ಬೆಳೆದು ಬಂತು.

ಮುಖ್ಯ ಉಪಕರಣ ಬ್ಯೂರಿನ್ ಎಂಬ ಸಣ್ಣ ಉಳಿ. ಚೌಕದ ಉಕ್ಕಿನ ಸಲಾಕೆಯ ತುದಿಯನ್ನು ಓರೆಯಾಗಿ ಮಸೆದು, ಇನ್ನೊಂದು ತುದಿಗೆ ಅಂಗೈಯಲ್ಲಿ ಕೂರುವಂಥ ಮರದ ಹಿಡಿ ಹಾಕಿರುತ್ತಾರೆ. ಅದನ್ನು ಲೇಖನಿಯಂತೆ ಎಳೆಯುವುದಿಲ್ಲ. ಅಂಗೈಯಿಂದ ಮುಂದಕ್ಕೆ ನೂಕುತ್ತಾರೆ. ಬಾಗಿದ ಗೆರೆ ಬೇಕಾದಾಗ ಕೈ ತಿರುಗುವುದಿಲ್ಲ, ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಇಟ್ಟ ತಗಡೇ ತಿರುಗುತ್ತದೆ. ಗೆರೆಯ ಅಂಚಿಗೆ ಎದ್ದ ಲೋಹದ ಚೂರನ್ನು ಹೆರೆದು ತೆಗೆದರೆ ಅಂಚು ಚೊಕ್ಕಟವಾಗುತ್ತದೆ.

ಮೊದಲು ವರ್ಣಚಿತ್ರದ ಮೇಲೆ ಚೌಕಗಳನ್ನು ಎಳೆದು, ಅಳತೆ ತಗ್ಗಿಸಿ, ಒಂದು ರೇಖಾಚಿತ್ರ ಮಾಡಿಕೊಳ್ಳುತ್ತಿದ್ದರು. ಅದರ ಹೊರಗೆರೆಯನ್ನು ತಗಡಿಗೆ ಇಳಿಸುತ್ತಿದ್ದರು. ಒತ್ತಿದಾಗ ಎಡ ಬಲ ಅದಲು ಬದಲಾಗುವುದರಿಂದ ಕೆತ್ತನೆಗಾರ ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಕೆತ್ತುತ್ತಿದ್ದ. ಉಡುಪು, ಮರಗಿಡದಂಥ ಭಾಗಗಳನ್ನು ಹಲವು ವೇಳೆ ಆಮ್ಲದಿಂದ ಕೊರೆಸಿ, ಆಮೇಲೆ ಉಳಿಯಿಂದ ತಿದ್ದುವ ರೂಢಿಯೂ ಇತ್ತು.

ನಿಜವಾದ ಜಾಣ್ಮೆ ಬೇಕಾದದ್ದು ಬಣ್ಣವನ್ನು ಗೆರೆಗೆ ತಿರುಗಿಸುವಲ್ಲಿ. ಕೆಂಪು ಮಖಮಲ್ಲು, ಬಿಳಿ ಲೇಸು, ನರೆತ ಕೂದಲು, ಕೆನ್ನೆಯ ಚರ್ಮ — ಎಲ್ಲವನ್ನೂ ಕಪ್ಪು ಶಾಯಿಯೊಂದರಲ್ಲೇ ಹೇಳಬೇಕು. ಅದಕ್ಕಾಗಿ ಪ್ರತಿಯೊಂದಕ್ಕೂ ಬೇರೆ ಬೇರೆ ಗೆರೆಯ ಕ್ರಮ ರೂಢಿಗೆ ಬಂದಿತ್ತು. ಚರ್ಮಕ್ಕೆ ಎರಡು ಸಾಲು ಗೆರೆಗಳು ಓರೆಯಾಗಿ ಒಂದನ್ನೊಂದು ದಾಟುತ್ತಿದ್ದವು; ನಡುವೆ ಉಂಟಾದ ಹರಳಿನಾಕಾರದ ಸಂದುಗಳಲ್ಲಿ ಒಂದೊಂದು ಚುಕ್ಕೆ ಇಡುತ್ತಿದ್ದರು. ನೆರಳಿನತ್ತ ಹೋದಂತೆ ಗೆರೆ ದಪ್ಪವಾಗುತ್ತಿತ್ತು, ಬೆಳಕಿನತ್ತ ಬಂದಂತೆ ತೆಳುವಾಗಿ ಚುಕ್ಕೆಗಳಾಗಿ ಒಡೆದು ಮಾಯವಾಗುತ್ತಿತ್ತು. ಗೆರೆಗಳು ಕೆನ್ನೆಯ ಉಬ್ಬು, ಹಣೆಯ ಬಾಗನ್ನು ಅನುಸರಿಸಿ ಹರಿಯುತ್ತಿದ್ದುದರಿಂದ ಚಪ್ಪಟೆ ಕಾಗದದ ಮೇಲೆ ಮುಖ ದುಂಡಾಗಿ ತೋರುತ್ತಿತ್ತು.

ದೊಡ್ಡ ತಗಡೊಂದು ಮುಗಿಯಲು ವರ್ಷಗಟ್ಟಲೆ ಹಿಡಿಯುತ್ತಿತ್ತು. ಹಿನ್ನೆಲೆ, ಉಡುಪುಗಳನ್ನು ಶಿಷ್ಯರು ಕೆತ್ತುವುದು, ಮುಖ ಮತ್ತು ಕೈಗಳನ್ನು ಗುರು ತಾನೇ ಮಾಡುವುದು ದೊಡ್ಡ ಕಾರ್ಯಾಗಾರಗಳಲ್ಲಿ ವಾಡಿಕೆ. 1790ರ ಸುಮಾರಿಗೆ ಇಂಗ್ಲೆಂಡಿನ ವಿಲ್ಸನ್ ಲೌರಿ ರೂಪಿಸಿದ ಗೆರೆ ಎಳೆಯುವ ಯಂತ್ರ ಹಿನ್ನೆಲೆಯ ಸಮಾನಾಂತರ ಗೆರೆಗಳ ಶ್ರಮವನ್ನು ತಗ್ಗಿಸಿತು. ಮುಖ ಮಾತ್ರ ಯಂತ್ರಕ್ಕೆ ಒಗ್ಗಲಿಲ್ಲ. ಫ್ರಾನ್ಸಿನಲ್ಲಿ ಗೆರೆ ಕೆತ್ತನೆಯ ಪರಂಪರೆ ಬಹಳ ಗಟ್ಟಿಯಾಗಿತ್ತು. ಬೆರ್ವಿಕ್ 1790ರಲ್ಲಿ ಮಾಡಿದ ಹದಿನಾರನೆಯ ಲೂಯಿಯ ಭಾವಚಿತ್ರವೂ, ಬೂಶೆ-ದೆನ್ವಾಯೆ 1808ರಲ್ಲಿ ಮಾಡಿದ ಪಟ್ಟಾಭಿಷೇಕದ ಉಡುಪಿನ ನೆಪೋಲಿಯನ್ನನ ಭಾವಚಿತ್ರವೂ ನಂತರದ ಪೀಳಿಗೆಗೆ ಮಾದರಿಯಾದವು.

ಚುಕ್ಕೆಯ ದಾರಿ, ಕಪ್ಪಿನ ದಾರಿ

ಗೆರೆಯ ಶಿಸ್ತನ್ನು ಬಿಟ್ಟು ಮುಖದ ಮೃದುತ್ವವನ್ನು ಬೇರೆ ರೀತಿಯಲ್ಲಿ ಹಿಡಿಯುವ ಎರಡು ವಿಧಾನಗಳೂ ಇದ್ದವು. ಒಂದು ಸ್ಟಿಪಲ್. ಇಲ್ಲಿ ಚಿತ್ರವೆಲ್ಲ ಸಣ್ಣ ಚುಕ್ಕೆಗಳಿಂದಲೇ ಆಗುತ್ತದೆ. ಚುಕ್ಕೆ ಒತ್ತಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು. 1764ರಲ್ಲಿ ಇಟಲಿಯಿಂದ ಲಂಡನ್ನಿಗೆ ಬಂದ ಫ್ರಾನ್ಸೆಸ್ಕೊ ಬಾರ್ಟೊಲೊಜ್ಜಿ ಇದನ್ನು ಜನಪ್ರಿಯಗೊಳಿಸಿದ. ಗೆರೆ ಕೆತ್ತನೆಗಿಂತ ಬೇಗ ಮುಗಿಯುವುದರಿಂದ ಮತ್ತು ಎಳೆಯ ಚರ್ಮದ ನಯ ಇದರಲ್ಲಿ ಚೆನ್ನಾಗಿ ಬರುವುದರಿಂದ ಸ್ಟಿಪಲ್ ಭಾವಚಿತ್ರಗಳಿಗೆ ಹೇಳಿಮಾಡಿಸಿದಂತಿತ್ತು. ಎಡ್ಮಂಡ್ ಲಾಡ್ಜ್ 1814ರಿಂದ ಎರಡು ದಶಕಗಳ ಕಾಲ ಕಂತು ಕಂತಾಗಿ ಹೊರತಂದ ಬ್ರಿಟನ್ನಿನ ಪ್ರಸಿದ್ಧರ ಭಾವಚಿತ್ರ ಸಂಪುಟಗಳಲ್ಲಿ ಈ ವಿಧಾನದ ಕೆಲಸ ಹೇರಳವಾಗಿದೆ.

ಕರ್ನಾಟಕದ ಇತಿಹಾಸವೂ ಇದೇ ಚುಕ್ಕೆಗಳ ಮೂಲಕ ಲಂಡನ್ನಿನ ಅಂಗಡಿಗಳನ್ನು ತಲುಪಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನ ಮಡಿದ ಸುದ್ದಿ ಮುಟ್ಟಿದ ಕೂಡಲೇ ಅಲ್ಲಿನ ಪ್ರಕಾಶಕರು ಚಿತ್ರಗಳ ಮಾರಾಟಕ್ಕೆ ಇಳಿದರು. ಹೆನ್ರಿ ಸಿಂಗಲ್ಟನ್ ಲಂಡನ್ನಿನಲ್ಲಿ ಬರೆದ ಟಿಪ್ಪುವಿನ ಕೊನೆಯ ಹೋರಾಟ ಮತ್ತು ಮರಣದ ಚಿತ್ರಗಳನ್ನು ಸ್ಕಿಯವೊನೆಟ್ಟಿ ಮನೆತನದ ಕೆತ್ತನೆಗಾರರು ತಗಡಿಗೆ ಇಳಿಸಿದರು. ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಪ್ರದರ್ಶಿಸಿದ ಕೋಟೆ ಮುತ್ತಿಗೆಯ ಬೃಹತ್ ಚಿತ್ರವನ್ನು ಬಾರ್ಟೊಲೊಜ್ಜಿಯ ಶಿಷ್ಯ ವೆಂಡ್ರಾಮಿನಿ ಕೆತ್ತಿದ. ಬ್ರಿಟಿಷ್ ಅಧಿಕಾರಿಗಳ ಮುಖಗಳನ್ನು ಕೊಳ್ಳುವವರು ಬಲ್ಲವರಾದ್ದರಿಂದ ಅವುಗಳ ಹೋಲಿಕೆಗೆ ಬೆಲೆಯಿತ್ತು. ಟಿಪ್ಪುವಿನ ಮುಖ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತಿತ್ತು. ಸಾವಿರ ಕೈಗಳಿಗೆ ಹಂಚಿಹೋಗುವ ಅಚ್ಚುಚಿತ್ರ ಹೋಲಿಕೆಯನ್ನು ಹರಡಿದಂತೆಯೇ ಕಲ್ಪನೆಯನ್ನೂ ಹರಡಬಲ್ಲದು ಎಂಬುದಕ್ಕೆ ಇವು ಸಾಕ್ಷಿ.

ಇನ್ನೊಂದು ವಿಧಾನ ಮೆಜ್ಜೊಟಿಂಟ್. 1642ರಲ್ಲಿ ಲುಡ್ವಿಗ್ ಫಾನ್ ಸೀಗನ್ ಈ ವಿಧಾನದಲ್ಲಿ ಮಾಡಿದ ಮೊದಲ ಚಿತ್ರವೂ ಒಂದು ಭಾವಚಿತ್ರವೇ. ಬೇರೆ ವಿಧಾನಗಳಲ್ಲಿ ಬಿಳಿಯಿಂದ ಹೊರಟು ಕಪ್ಪನ್ನು ಸೇರಿಸುತ್ತಾರೆ; ಇಲ್ಲಿ ಕಪ್ಪಿನಿಂದ ಹೊರಟು ಬೆಳಕನ್ನು ತೆರೆಯುತ್ತಾರೆ. ಹಲ್ಲುಗಳಿರುವ ಬಾಗಿದ ಅಲಗನ್ನು ತಗಡಿನ ಮೇಲೆ ಎಲ್ಲ ದಿಕ್ಕಿಗೂ ತೂಗಾಡಿಸುತ್ತ ಹೋದರೆ ಮೇಲ್ಮೈಯೆಲ್ಲ ತರಿ ತರಿಯಾಗುತ್ತದೆ. ಆ ಸ್ಥಿತಿಯಲ್ಲಿ ಒತ್ತಿದರೆ ಮಖಮಲ್ಲಿನಂಥ ಗಾಢ ಕಪ್ಪು ಬರುತ್ತದೆ. ಆಮೇಲೆ ಬೆಳಕು ಬೇಕಾದ ಕಡೆ ಆ ತರಿಯನ್ನು ಹೆರೆದು ನುಣುಪು ಮಾಡುತ್ತಾರೆ. ಎಷ್ಟು ಹೆರೆದರೆ ಅಷ್ಟು ಬಿಳುಪು. ಗೆರೆಯೇ ಕಾಣದಂತೆ ನೆರಳು ಬೆಳಕಿಗೆ ಕರಗುವುದರಿಂದ ತೈಲವರ್ಣದ ಭಾವಚಿತ್ರಕ್ಕೆ ಇದಕ್ಕಿಂತ ಹತ್ತಿರದ ವಿಧಾನ ಮತ್ತೊಂದಿರಲಿಲ್ಲ. ಇಂಗ್ಲೆಂಡಿನಲ್ಲಿ ಇದು ಎಷ್ಟು ಬೇರೂರಿತೆಂದರೆ ಯುರೋಪಿನ ಉಳಿದ ಭಾಗದಲ್ಲಿ ಇದನ್ನು ಇಂಗ್ಲಿಷರ ಶೈಲಿ ಎಂದೇ ಕರೆಯುತ್ತಿದ್ದರು.

ಒತ್ತುವ ಕೆಲಸ

ಕೆತ್ತಿದ ತಗಡು ಚೆನ್ನಾಗಿದ್ದರೆ ಸಾಲದು, ಒತ್ತುವವನ ಕೈಯೂ ಪಳಗಿರಬೇಕು. ತಗಡನ್ನು ಸ್ವಲ್ಪ ಬಿಸಿ ಮಾಡಿ, ಕಾಯಿಸಿದ ಅಗಸೆ ಎಣ್ಣೆ ಮತ್ತು ಮಸಿಯಿಂದ ಮಾಡಿದ ಗಟ್ಟಿ ಶಾಯಿಯನ್ನು ಪ್ರತಿ ಗೆರೆಗೂ ತುಂಬುತ್ತಾರೆ. ನಂತರ ತೆಳು ಬಟ್ಟೆಯಿಂದ, ಕೊನೆಗೆ ಸೀಮೆಸುಣ್ಣ ಸವರಿದ ಅಂಗೈಯಿಂದ ಮೇಲ್ಮೈಯನ್ನು ಒರೆಸುತ್ತಾರೆ. ಹೆಚ್ಚು ಒರೆಸಿದರೆ ಗೆರೆಯೊಳಗಿನ ಶಾಯಿಯೂ ಬಂದುಬಿಡುತ್ತದೆ; ಕಡಿಮೆ ಒರೆಸಿದರೆ ಹಣೆಯ ಬೆಳಕು ಮಂಕಾಗುತ್ತದೆ. ತೇವ ಮಾಡಿದ ಕಾಗದವನ್ನು ತಗಡಿನ ಮೇಲೆ ಹಾಸಿ, ಉಣ್ಣೆಯ ಕಂಬಳಿ ಹೊದಿಸಿ, ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ. ಆ ಭಾರಕ್ಕೆ ಕಾಗದ ಗೆರೆಯೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಕಾಗದದ ಮೇಲೆ ಶಾಯಿ ಬೆರಳಿಗೆ ತಗಲುವಷ್ಟು ಉಬ್ಬಿ ನಿಲ್ಲುವುದೂ, ಚಿತ್ರದ ಸುತ್ತ ತಗಡಿನ ಅಂಚಿನ ಒತ್ತುಗುರುತು ಮೂಡುವುದೂ ಇದರಿಂದಲೇ. ಹಳೆಯ ಚಿತ್ರವೊಂದು ಇಂಟ್ಯಾಗ್ಲಿಯೊ ಮುದ್ರಣವೇ ಎಂದು ಗುರುತಿಸಲು ಈ ಎರಡು ಲಕ್ಷಣಗಳು ಇಂದಿಗೂ ನೆರವಾಗುತ್ತವೆ.

ಪ್ರತಿಯೊಂದಕ್ಕೂ ಈ ಎಲ್ಲ ಕೆಲಸ ಮತ್ತೆ ಮೊದಲಿನಿಂದ ನಡೆಯಬೇಕು. ಪ್ರತಿ ಸಲ ಒರೆಸುವಾಗಲೂ ಒತ್ತುವಾಗಲೂ ತಾಮ್ರ ಸವೆಯುತ್ತದೆ. ಆಳವಾದ ಗೆರೆ ಕೆತ್ತನೆಯ ತಗಡು ಕೆಲವು ಸಾವಿರ ಪ್ರತಿ ಕೊಡಬಲ್ಲದು. ಮೆಜ್ಜೊಟಿಂಟಿನ ತರಿ ಕೆಲವು ನೂರರಲ್ಲೇ ಮಟ್ಟಸವಾಗುತ್ತದೆ, ಅದರಲ್ಲೂ ಮೊದಲ ಹಲವು ಪ್ರತಿಗಳಷ್ಟೇ ನಿಜವಾಗಿ ಸೊಗಸು. ಹೀಗೆ ಮುಖವನ್ನು ಬಲು ಚೆನ್ನಾಗಿ ಹಿಡಿಯುವ ವಿಧಾನಕ್ಕೇ ಬಲು ಕಡಿಮೆ ಆಯುಸ್ಸು.

ಉಕ್ಕು ಬಂದ ಮೇಲೆ

ಓದುವವರೂ ಪುಸ್ತಕ ಕೊಳ್ಳುವವರೂ ಹೆಚ್ಚುತ್ತಿದ್ದ ಕಾಲಕ್ಕೆ ಇಷ್ಟು ಪ್ರತಿಗಳು ಸಾಲುತ್ತಿರಲಿಲ್ಲ. ಪರಿಹಾರ ಬಂದದ್ದು ನೋಟು ಮುದ್ರಣದ ದಿಕ್ಕಿನಿಂದ. ಅಮೆರಿಕದ ಜೇಕಬ್ ಪರ್ಕಿನ್ಸ್ ಖೋಟಾ ನೋಟು ತಡೆಯಲು ಉಕ್ಕಿನ ತಗಡಿನ ಮೇಲೆ ಕೆತ್ತುವ ಕ್ರಮವನ್ನು ಬೆಳೆಸಿ, 1819ರಲ್ಲಿ ಲಂಡನ್ನಿಗೆ ಬಂದ. ಉಕ್ಕನ್ನು ಮೊದಲು ಮೆದುಗೊಳಿಸಿ ಕೆತ್ತಿ, ಆಮೇಲೆ ಮತ್ತೆ ಗಡುಸು ಮಾಡುವುದು ಅವನ ಯುಕ್ತಿ. ಅವನ ಜೊತೆಗಾರನಾದ ಚಾರ್ಲ್ಸ್ ಹೀತ್ ಇದನ್ನು ಪುಸ್ತಕ ಚಿತ್ರಗಳಿಗೆ ತಂದ. 1820ರ ದಶಕದ ಆರಂಭದಲ್ಲಿ ಥಾಮಸ್ ಲಪ್ಟನ್ ಉಕ್ಕಿನ ಮೇಲೆ ಮೆಜ್ಜೊಟಿಂಟ್ ಮಾಡಬಹುದೆಂದು ತೋರಿಸಿ ಲಂಡನ್ನಿನ ಕಲಾ ಸಂಘದ ಪದಕ ಪಡೆದ.

ಉಕ್ಕಿನ ತಗಡು ಹತ್ತಾರು ಸಾವಿರ ಪ್ರತಿ ಕೊಟ್ಟರೂ ಗೆರೆ ಉಳಿಯುತ್ತಿತ್ತು. ಗೆರೆಗಳನ್ನು ತಾಮ್ರದಲ್ಲಿ ಆಗದಷ್ಟು ಹತ್ತಿರ ಹತ್ತಿರ ಎಳೆಯಲೂ ಬರುತ್ತಿತ್ತು. ಅಂಗೈ ಅಗಲದ ಚಿತ್ರದಲ್ಲಿ ಕಣ್ಣಿನ ಹೊಳಪು, ತುಟಿಯ ಅಂಚು ಸ್ಪಷ್ಟವಾಗಿ ಮೂಡಿದ್ದು ಇದರಿಂದ. ಆದರೆ ಇದಕ್ಕೂ ಬೆಲೆ ತೆರಬೇಕಾಯಿತು. ಮೆದುಗೊಳಿಸಿದ ಮೇಲೂ ತಾಮ್ರಕ್ಕಿಂತ ಗಡುಸಾದ ಈ ಲೋಹದಲ್ಲಿ ಉಳಿ ಸಲೀಸಾಗಿ ಓಡುವುದಿಲ್ಲ. ಗೆರೆ ಆಳಕ್ಕಿಳಿಯದ ಕಾರಣ ಚಿತ್ರಕ್ಕೆ ತಾಮ್ರದ ಬೆಚ್ಚನೆಯ ಕಪ್ಪಿನ ಬದಲು ಬೆಳ್ಳಿ ಬೂದಿಯ ತಣ್ಣನೆಯ ಛಾಯೆ ಬಂತು.

ಈ ಕಾಲದ ಭಾವಚಿತ್ರ ಕೆತ್ತನೆಯಲ್ಲಿ ಎದ್ದು ಕಾಣುವ ಹೆಸರು ಸ್ಯಾಮ್ಯುಯೆಲ್ ಕಸಿನ್ಸ್. 1801ರಲ್ಲಿ ಎಕ್ಸಿಟರ್ ಪಟ್ಟಣದಲ್ಲಿ ಹುಟ್ಟಿದ ಈತ ಎಸ್. ಡಬ್ಲ್ಯು. ರೆನಾಲ್ಡ್ಸ್ ಬಳಿ ಮೆಜ್ಜೊಟಿಂಟ್ ಕಲಿತ. ಥಾಮಸ್ ಲಾರೆನ್ಸ್ ಚಿತ್ರಿಸಿದ, ಬಂಡೆಯ ಮೇಲೆ ಕುಳಿತ ಬಾಲಕ ಲ್ಯಾಂಬ್ಟನ್ನನ ಭಾವಚಿತ್ರವನ್ನು ಈತ ಕೆತ್ತಿದ ಮೇಲೆ ಆ ಚಿತ್ರವೂ ಕೆತ್ತನೆಗಾರನೂ ಒಟ್ಟಿಗೆ ಪ್ರಸಿದ್ಧರಾದರು. ಉಕ್ಕಿನ ಮೇಲೆ ಬರಿಯ ಮೆಜ್ಜೊಟಿಂಟ್ ಪೇಲವವಾಗುವುದನ್ನು ಕಂಡು, ಆಮ್ಲದ ಗೆರೆ ಮತ್ತು ಚುಕ್ಕೆಯ ಕೆಲಸವನ್ನು ಅದಕ್ಕೆ ಬೆರೆಸುವ ಮಿಶ್ರ ವಿಧಾನವನ್ನು ಕಸಿನ್ಸ್ ಮತ್ತು ಅವನ ಸಮಕಾಲೀನರು ರೂಢಿಸಿದರು.

1850ರ ದಶಕದ ಕೊನೆಯಲ್ಲಿ ಫ್ರಾನ್ಸಿನಿಂದ ಇನ್ನೊಂದು ಪರಿಹಾರ ಬಂತು. ತಾಮ್ರದಲ್ಲೇ ಕೆತ್ತಿ, ಅದರ ಮೇಲೆ ವಿದ್ಯುತ್ ಹಾಯಿಸಿ ಬಲು ತೆಳುವಾದ ಕಬ್ಬಿಣದ ಲೇಪ ಕೊಡುವುದು. ಲೇಪ ಸವೆದರೆ ಕರಗಿಸಿ ತೆಗೆದು ಮತ್ತೆ ಕೊಡಬಹುದು. ಕೆಳಗಿನ ತಾಮ್ರಕ್ಕೆ ಕುಂದಿಲ್ಲ. ಮೆದು ಲೋಹದ ಸೊಬಗೂ ಗಡುಸು ಲೋಹದ ಬಾಳಿಕೆಯೂ ಒಂದೇ ತಗಡಿನಲ್ಲಿ ಸೇರಿದ್ದು ಆಗ. ಕೆತ್ತನೆಗಾರರಲ್ಲಿ ಅನೇಕರು ಮತ್ತೆ ತಾಮ್ರದತ್ತ ತಿರುಗಿದರು.

ಚಿತ್ರಕಾರ, ಕೆತ್ತನೆಗಾರ, ಪ್ರಕಾಶಕ

ಒಂದು ಭಾವಚಿತ್ರ ಅಚ್ಚಾಗಿ ಬರುವುದರ ಹಿಂದೆ ಮೂವರ ವ್ಯವಹಾರವಿತ್ತು. ಪ್ರಕಾಶಕ ಚಿತ್ರಕಾರನಿಂದ ಹಕ್ಕು ಕೊಂಡು, ಕೆತ್ತನೆಗಾರನಿಗೆ ಸಂಬಳ ಗೊತ್ತು ಮಾಡಿ, ಮುಂಗಡ ಚಂದಾದಾರರನ್ನು ಸೇರಿಸುತ್ತಿದ್ದ. ಈ ಮೂವರ ಗುರುತೂ ಚಿತ್ರದ ಅಡಿಯಲ್ಲಿ ಉಳಿಯುತ್ತಿತ್ತು: ಎಡಗಡೆ ಚಿತ್ರಿಸಿದವನ ಹೆಸರು, ಬಲಗಡೆ ಕೆತ್ತಿದವನ ಹೆಸರು, ನಡುವೆ ಪ್ರಕಾಶಕನ ಹೆಸರು, ವಿಳಾಸ ಮತ್ತು ಪ್ರಕಟಣೆಯ ದಿನಾಂಕ. ಬ್ರಿಟನ್ನಿನಲ್ಲಿ 1735ರ ಕಾನೂನು ಹಕ್ಕುಸ್ವಾಮ್ಯದ ರಕ್ಷಣೆಗಾಗಿ ಈ ಕೊನೆಯ ವಿವರಗಳನ್ನು ಕೇಳುತ್ತಿತ್ತು. ಹಳೆಯ ಚಿತ್ರಗಳ ಕಾಲ ಗೊತ್ತುಪಡಿಸಲು ಸಂಶೋಧಕರಿಗೆ ಇವೇ ಆಧಾರ.

ತಗಡು ಸವೆಯುತ್ತದೆಂಬ ಸತ್ಯವೇ ಬೆಲೆಯ ಮೆಟ್ಟಿಲುಗಳನ್ನೂ ಹುಟ್ಟಿಸಿತು. ಹೆಸರು ಕೆತ್ತುವ ಮೊದಲೇ ತೆಗೆದ ಮೊದಲ ಪ್ರತಿಗಳು ಬಹಳ ತುಟ್ಟಿ, ಹೆಸರು ಹಾಕಿದ ನಂತರದ ಸಾಮಾನ್ಯ ಪ್ರತಿಗಳು ಅಗ್ಗ. ಉಕ್ಕು ಬಂದ ಮೇಲೆ ಮೊದಲ ಪ್ರತಿಗೂ ಸಾವಿರದ ಪ್ರತಿಗೂ ಹೆಚ್ಚು ವ್ಯತ್ಯಾಸ ಉಳಿಯದಿದ್ದರೂ ಈ ಶ್ರೇಣಿ ಮಾರುಕಟ್ಟೆಯಲ್ಲಿ ಮುಂದುವರಿಯಿತು. ಮೊದಲ ಪ್ರತಿಗಳ ಸಂಖ್ಯೆ ಮಿತಿ ಮೀರದಂತೆ ನೋಡಿಕೊಳ್ಳಲು 1847ರಲ್ಲಿ ಲಂಡನ್ನಿನ ಚಿತ್ರ ವ್ಯಾಪಾರಿಗಳು ಸಂಘ ಕಟ್ಟಿಕೊಂಡು, ಅವುಗಳಿಗೆ ಮುದ್ರೆ ಒತ್ತುವ ಪದ್ಧತಿ ತಂದರು.

ಇಷ್ಟೆಲ್ಲ ನುರಿತ ಕೆಲಸವಾದರೂ ಕೆತ್ತನೆಗಾರರನ್ನು ಕಲಾವಿದರ ಸಾಲಿಗೆ ಸೇರಿಸಲು ಬ್ರಿಟನ್ನಿನ ರಾಯಲ್ ಅಕಾಡೆಮಿ ಬಹುಕಾಲ ಒಪ್ಪಲಿಲ್ಲ. ಇನ್ನೊಬ್ಬರ ಚಿತ್ರವನ್ನು ನಕಲಿಸುವವರು ಎಂಬ ಕಾರಣಕ್ಕೆ ಅವರಿಗೆ ಸಹ ಸದಸ್ಯತ್ವವಷ್ಟೇ ಸಿಗುತ್ತಿತ್ತು. ಪೂರ್ಣ ಸದಸ್ಯತ್ವದ ಬಾಗಿಲು ತೆರೆದದ್ದು 1850ರ ದಶಕದಲ್ಲಿ. 1855ರಲ್ಲಿ ಕಸಿನ್ಸ್‌ಗೆ ಆ ಗೌರವ ದೊರೆಯಿತು. ಸಾವಿರಾರು ಗೆರೆಗಳ ದಪ್ಪ, ದಿಕ್ಕು, ಅಂತರಗಳನ್ನು ಒಂದೊಂದಾಗಿ ನಿರ್ಧರಿಸಿ ಬಣ್ಣವಿಲ್ಲದೆ ಒಂದು ಮುಖವನ್ನು ಮತ್ತೆ ಕಟ್ಟುವ ಕೆಲಸವನ್ನು ಬರಿಯ ನಕಲು ಎನ್ನುವುದು ಅನ್ಯಾಯವೇ ಆಗಿತ್ತು. ಫ್ರಾನ್ಸಿನ ಫರ್ಡಿನಾಂಡ್ ಗಯಾರ್ ಇದಕ್ಕೆ ಒಳ್ಳೆಯ ಉದಾಹರಣೆ. ರೂಢಿಯ ಗೆರೆಜಾಲವನ್ನು ಕೈಬಿಟ್ಟು, ಕೂದಲೆಳೆಯಂಥ ಗೆರೆಗಳಿಂದ ಚರ್ಮದ ಒಂದೊಂದು ಸುಕ್ಕನ್ನೂ ಹಿಂಬಾಲಿಸಿ ಆತ ಮಾಡಿದ ಒಂಬತ್ತನೆಯ ಪಯಸ್ ಪೋಪರ ಭಾವಚಿತ್ರ ಸ್ವತಂತ್ರ ಕಲಾಕೃತಿಯಾಗಿ ನಿಲ್ಲುತ್ತದೆ.

ಅಮೆರಿಕದಲ್ಲಿ ಈ ಕಲೆ ಹೊಸ ರಾಷ್ಟ್ರದ ನೆನಪನ್ನು ಕಟ್ಟುವ ಕೆಲಸ ಮಾಡಿತು. ಟ್ರಂಬುಲ್ ಚಿತ್ರಿಸಿದ ಸ್ವಾತಂತ್ರ್ಯ ಘೋಷಣೆಯ ದೃಶ್ಯವನ್ನು ಆಶರ್ ಡುರಾಂಡ್ 1823ರಲ್ಲಿ ಕೆತ್ತಿ ಮುಗಿಸಿದ; ಗುಂಪಿನಲ್ಲಿದ್ದ ಪ್ರತಿ ನಾಯಕನ ಮುಖದ ಹೋಲಿಕೆಯನ್ನೂ ಅದರಲ್ಲಿ ಕಾಪಾಡಬೇಕಿತ್ತು. ಜೇಮ್ಸ್ ಹೆರಿಂಗ್ ಮತ್ತು ಜೇಮ್ಸ್ ಲಾಂಗೇಕರ್ 1834ರಿಂದ 1839ರವರೆಗೆ ಪ್ರಸಿದ್ಧ ಅಮೆರಿಕನ್ನರ ಭಾವಚಿತ್ರ ಮತ್ತು ಜೀವನಚರಿತ್ರೆಗಳ ನಾಲ್ಕು ಸಂಪುಟ ತಂದರು. ಇಂಗ್ಲೆಂಡಿನಿಂದ 1830ರಲ್ಲಿ ಬಂದ ಜಾನ್ ಸಾರ್ಟೇನ್ ಫಿಲಡೆಲ್ಫಿಯಾದ ಮಾಸಪತ್ರಿಕೆಗಳಿಗೆ ಮೆಜ್ಜೊಟಿಂಟ್ ಚಿತ್ರಗಳನ್ನು ಒದಗಿಸಿದ.

ಅಂಚೆಚೀಟಿಯ ಮುಖ

ಕೆತ್ತಿದ ಮುಖವೊಂದು ಹಿಂದೆಂದೂ ಕಾಣದಷ್ಟು ಸಂಖ್ಯೆಯಲ್ಲಿ ಹರಡಿದ್ದು 1840ರ ಮೇ ತಿಂಗಳಲ್ಲಿ, ಪೆನ್ನಿ ಬ್ಲ್ಯಾಕ್ ಎಂಬ ಮೊದಲ ಅಂಚೆಚೀಟಿಯ ಮೂಲಕ. ವಿಲಿಯಂ ವಯನ್ ಮಾಡಿದ ಪದಕವನ್ನು ಆಧರಿಸಿ ಹೆನ್ರಿ ಕಾರ್ಬೋಲ್ಡ್ ವಿಕ್ಟೋರಿಯಾ ರಾಣಿಯ ತಲೆಯ ಚಿತ್ರ ಬರೆದ; ಚಾರ್ಲ್ಸ್ ಹೀತ್ ಮತ್ತು ಅವನ ಮಗ ಫ್ರೆಡರಿಕ್ ಅದನ್ನು ಉಕ್ಕಿನಲ್ಲಿ ಕೆತ್ತಿದರು. ಕೆತ್ತಿದ್ದು ಒಂದೇ ಅಚ್ಚು. ಅದನ್ನು ಗಡುಸು ಮಾಡಿ, ಮೆದು ಉಕ್ಕಿನ ಉರುಳೆಯ ಮೇಲೆ ಭಾರವಾಗಿ ಒತ್ತಿ ಉಬ್ಬು ಪ್ರತಿ ಪಡೆದು, ಆ ಉರುಳೆಯನ್ನು ಗಡುಸು ಮಾಡಿ ಹೊಸ ತಗಡಿನ ಮೇಲೆ ಸಾಲಾಗಿ 240 ಸಲ ಒತ್ತಿದರು. ಇದು ಪರ್ಕಿನ್ಸ್‌ನ ವಿಧಾನವೇ. ಮುದ್ರಿಸಿದ್ದೂ ಅವನ ಸಂಸ್ಥೆಯೇ. ಸುಮಾರು 6 ಕೋಟಿ 80 ಲಕ್ಷ ಚೀಟಿಗಳು ಅಚ್ಚಾದವು.

ಚೀಟಿಗೆ ಮುಖವನ್ನೇ ಆಯ್ದದ್ದಕ್ಕೆ ಖೋಟಾ ಚೀಟಿಯ ಭಯವೂ ಒಂದು ಕಾರಣ. ಮನುಷ್ಯನ ಕಣ್ಣು ಮುಖಗಳ ಭೇದ ಗುರುತಿಸುವುದರಲ್ಲಿ ಪಳಗಿರುತ್ತದೆ, ಆದ್ದರಿಂದ ಖೋಟಾ ಚೀಟಿಯಲ್ಲಿ ಮುಖ ಸ್ವಲ್ಪ ಬದಲಾದರೂ ಸಾಮಾನ್ಯರಿಗೆ ಗೊತ್ತಾಗುತ್ತದೆ ಎಂದು ಬೆಂಜಮಿನ್ ಚೆವರ್ಟನ್ ಬ್ರಿಟಿಷ್ ಸರ್ಕಾರಕ್ಕೆ ಸಲಹೆ ಕೊಟ್ಟಿದ್ದ.

ಮರದ ಅಚ್ಚು ಮತ್ತು ವಾರಪತ್ರಿಕೆ

ತಗಡಿನ ಚಿತ್ರಕ್ಕೆ ಇನ್ನೊಂದು ಮಿತಿಯಿತ್ತು. ಅದನ್ನು ಅಚ್ಚುಮೊಳೆಯ ಜೊತೆ ಒಂದೇ ಯಂತ್ರದಲ್ಲಿ ಒತ್ತಲಾಗದು. ಬೇರೆಯಾಗಿ ಒತ್ತಿ ಪುಸ್ತಕಕ್ಕೆ ಸೇರಿಸಬೇಕು. ಪತ್ರಿಕೆಗೆ ಒಗ್ಗಿದ್ದು ಉಬ್ಬು ಮುದ್ರಣದ ಮರದ ಕೆತ್ತನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಥಾಮಸ್ ಬೆವಿಕ್ ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡ ಕೊಯ್ದು, ಆ ಮೈಮೇಲೆ ಉಳಿಯಿಂದ ಕೆತ್ತುವ ಕ್ರಮವನ್ನು ಪರಿಪೂರ್ಣಗೊಳಿಸಿದ್ದ. 1842ರಲ್ಲಿ ಆರಂಭವಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’, 1857ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಹಾರ್ಪರ್ಸ್ ವೀಕ್ಲಿ’ ಇದರ ಬಲದಿಂದಲೇ ಬೆಳೆದವು. ಈ ಮರದ ಕಾಂಡ ಸಪೂರ. ಆದ್ದರಿಂದ ಸಣ್ಣ ತುಂಡುಗಳನ್ನು ಬೋಲ್ಟಿನಿಂದ ಜೋಡಿಸಿ ದೊಡ್ಡ ಅಚ್ಚು ಮಾಡುತ್ತಿದ್ದರು. ಅವಸರವಿದ್ದಾಗ ತುಂಡುಗಳನ್ನು ಬಿಡಿಸಿ ಹಲವು ಕೆತ್ತನೆಗಾರರಿಗೆ ಹಂಚಿ, ಮರಳಿ ಕೂಡಿಸಿ, ಸಂದುಗಳ ಗೆರೆಯನ್ನು ಹಿರಿಯನೊಬ್ಬ ಸರಿಪಡಿಸುತ್ತಿದ್ದ.

ಛಾಯಾಚಿತ್ರ ಮತ್ತು ನಂತರ

1839ರಲ್ಲಿ ಛಾಯಾಚಿತ್ರ ಪ್ರಕಟವಾದಾಗ ಕೆತ್ತನೆಯ ಕಸುಬು ಕೂಡಲೇ ಕುಸಿಯಲಿಲ್ಲ. ಡಗೆರೊಟೈಪ್ ಎಂಬ ಆರಂಭದ ಬಗೆಯ ಛಾಯಾಚಿತ್ರಕ್ಕೆ ಪ್ರತಿಯೇ ಇಲ್ಲ. ನಂತರದ ಕಾಗದದ ಛಾಯಾಚಿತ್ರವನ್ನೂ ಪತ್ರಿಕೆಯ ಪುಟದಲ್ಲಿ ಅಚ್ಚು ಹಾಕಲು ದಾರಿಯಿರಲಿಲ್ಲ. ಹೀಗಾಗಿ ಸುಮಾರು ನಾಲ್ಕು ದಶಕ ಛಾಯಾಚಿತ್ರವೇ ಕೆತ್ತನೆಗಾರನಿಗೆ ಮೂಲವಾಯಿತು. ಮ್ಯಾಥ್ಯೂ ಬ್ರೇಡಿ 1860ರಲ್ಲಿ ತೆಗೆದ ಲಿಂಕನ್ನರ ಛಾಯಾಚಿತ್ರ ಆ ವರ್ಷದ ಚುನಾವಣೆಯ ಹೊತ್ತಿಗೆ ಅಮೆರಿಕದ ಜನರನ್ನು ತಲುಪಿದ್ದು ಹೆಚ್ಚಾಗಿ ಮರದ ಕೆತ್ತನೆಗಳ ಮೂಲಕ. ಮುಂದೆ ಮರದ ಮೇಲ್ಮೈಗೆ ಛಾಯಾಚಿತ್ರವನ್ನೇ ಇಳಿಸಿ ಕೆತ್ತತೊಡಗಿದರು. ಟಿಮತಿ ಕೋಲ್, ಗುಸ್ತಾವ್ ಕ್ರುಯೆಲ್‌ರಂಥವರು ಇದರಲ್ಲಿ ಅಚ್ಚರಿಯ ನವಿರು ಸಾಧಿಸಿದರು.

1880ರ ದಶಕದಲ್ಲಿ ಹಾಫ್‌ಟೋನ್ ಬಂತು. ಜಾಲರಿಯ ಮೂಲಕ ಛಾಯಾಚಿತ್ರವನ್ನು ಚುಕ್ಕೆಗಳಾಗಿ ಒಡೆದು, ಆಮ್ಲದಿಂದ ಲೋಹಕ್ಕಿಳಿಸಿ, ಅಚ್ಚುಮೊಳೆಯ ಜೊತೆಯಲ್ಲೇ ಒತ್ತುವ ಈ ವಿಧಾನಕ್ಕೆ ಕೆತ್ತನೆಗಾರನ ಕೈ ಬೇಡ. ಒಳ್ಳೆಯ ಅಚ್ಚು ಬೇಕೆಂದವರಿಗೆ ಛಾಯಾಚಿತ್ರವನ್ನು ಇಂಟ್ಯಾಗ್ಲಿಯೊ ತಗಡಿಗೆ ಇಳಿಸುವ, 1879ರಲ್ಲಿ ಕಾರೆಲ್ ಕ್ಲೀಚ್ ರೂಪಿಸಿದ ಫೋಟೋಗ್ರೆವ್ಯೂರ್ ಇತ್ತು. ಶತಮಾನ ಮುಗಿಯುವ ಹೊತ್ತಿಗೆ ಪುಸ್ತಕ ಮತ್ತು ಪತ್ರಿಕೆಗಳಿಂದ ಕೆತ್ತಿದ ಭಾವಚಿತ್ರ ಬಹುಮಟ್ಟಿಗೆ ಮರೆಯಾಯಿತು. ಭಾರತದಲ್ಲಿ ಚಿತ್ರಮುದ್ರಣ ಹೆಚ್ಚಾಗಿ ಕಲ್ಲಚ್ಚಿನ ದಾರಿ ಹಿಡಿದಿತ್ತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದಲೇ ಆರಂಭವಾಯಿತು; ರವಿವರ್ಮನ ಚಿತ್ರಗಳು 1890ರ ದಶಕದಿಂದ ಮನೆ ಮನೆ ಸೇರಿದ್ದೂ ಬಣ್ಣದ ಕಲ್ಲಚ್ಚಿನಲ್ಲಿ.

ಕೆತ್ತನೆಯ ಭಾವಚಿತ್ರ ಉಳಿದುಕೊಂಡ ಮುಖ್ಯ ಕ್ಷೇತ್ರ ನೋಟು ಮುದ್ರಣ. ಹೆಚ್ಚು ಪ್ರತಿಗಳ ಸಮಸ್ಯೆಯನ್ನು ಬೇರೆ ವಿಧಾನಗಳು ಬಗೆಹರಿಸಿದ ಮೇಲೆ, ಬೇರೆಯವರಿಗೆ ನಕಲಿಸಲು ಕಷ್ಟ ಎಂಬ ಗುಣವೇ ಇದರ ಆಧಾರವಾಯಿತು. ನುರಿತ ಕೈ ಎಳೆದ ಗೆರೆಯ ಉಬ್ಬು ತಗ್ಗನ್ನು ಛಾಯಾಚಿತ್ರ ಹಿಡಿಯಲಾರದು. ಉಬ್ಬಿ ನಿಂತ ಶಾಯಿಯನ್ನು ಸಾಧಾರಣ ಮುದ್ರಣ ಯಂತ್ರ ಕೊಡಲಾರದು. ಭಾರತದಲ್ಲಿ 100 ರೂಪಾಯಿ ಮತ್ತು ಅದಕ್ಕೆ ಮೇಲಿನ ನೋಟುಗಳಲ್ಲಿ ಮಹಾತ್ಮ ಗಾಂಧಿಯವರ ಭಾವಚಿತ್ರ ಇಂಟ್ಯಾಗ್ಲಿಯೊ ಮುದ್ರಣದ್ದು. 1996ರಲ್ಲಿ ಕೆಲಸ ಆರಂಭಿಸಿದ ಮೈಸೂರಿನ ನೋಟು ಮುದ್ರಣಾಲಯ ಇಂಥ ನೋಟುಗಳನ್ನು ಅಚ್ಚು ಹಾಕುವ ಕೇಂದ್ರಗಳಲ್ಲಿ ಒಂದು. ಹೊಸ ನೋಟಿನ ಭಾವಚಿತ್ರದ ಮೇಲೆ ಬೆರಳಾಡಿಸಿದಾಗ ತಗಲುವ ಒರಟು, ಕಾಗದ ತಗಡಿನ ಗೆರೆಯೊಳಗಿಂದ ಎತ್ತಿಕೊಂಡ ಶಾಯಿಯದು. ಅಸಲಿ ನೋಟನ್ನು ಗುರುತಿಸಲು ದೃಷ್ಟಿಹೀನರಿಗೂ ಅದು ನೆರವಾಗುತ್ತದೆ.